ಉಚಿತ ಟೋಕನ್: ಕೊಡುವವರು ಕೇಳುವುದೇನು?



ಇಂದು ನೀವು ಪಡೆಯುವ ವಿದ್ಯಾರ್ಥಿವೇತನ ಫೀಸಿಗೆ, ಪುಸ್ತಕಕ್ಕೆ ಸಲ್ಲಬೇಕಾದದ್ದು. ಆದ್ದರಿಂದ ಒಂದು ಎಚ್ಚರಿಕೆಯ ಮಾತು ಹೇಳಬಯಸುತ್ತೇವೆ. ‘ಉಚಿತ ಕ್ರಿಪ್ಟೊ’ ಎಂಬ ಸಂದೇಶಗಳು ಮೊಬೈಲಿಗೆ ಬರುತ್ತಿವೆ. ಹೀಗೆ ಟೋಕನ್ ಹಂಚುವುದಕ್ಕೆ ಏರ್‌ಡ್ರಾಪ್ ಎನ್ನುತ್ತಾರೆ.

ಎಲ್ಲವೂ ಸುಳ್ಳಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಯೂನಿಸ್ವಾಪ್, ತನ್ನನ್ನು ಅದಾಗಲೇ ಬಳಸಿದ್ದ ಪ್ರತಿ ವ್ಯಾಲೆಟ್‌ಗೆ 400 ಟೋಕನ್ ಮೀಸಲಿಟ್ಟಿತು. ಅದು ಹಿಂದಿನ ಬಳಕೆಗೆ ಸಿಕ್ಕ ಪಾಲು. ನೀವೆಂದೂ ಬಳಸದ ಸಂಸ್ಥೆ ನಿಮ್ಮನ್ನೇ ಹುಡುಕಿಕೊಂಡು ಬಂದರೆ ಅನುಮಾನಿಸಿ.

ಬಂದ ಲಿಂಕ್ ಒತ್ತಬೇಡಿ. ಸಂಸ್ಥೆಯ ಅಧಿಕೃತ ಜಾಲತಾಣವನ್ನು ನೀವೇ ತೆರೆದು ನೋಡಿ. ವ್ಯಾಲೆಟ್‌ನ 12 ಅಥವಾ 24 ಗುಪ್ತಪದಗಳನ್ನು ಅಸಲಿಯವರು ಕೇಳುವುದಿಲ್ಲ. ಅವನ್ನು ಕೊಡುವುದೆಂದರೆ ತಿಜೋರಿಯ ಕೀಲಿಕೈಯನ್ನೇ ಕೊಟ್ಟಂತೆ. ಅರ್ಥವಾಗದ ಅನುಮತಿಗೆ ‘ಅಪ್ರೂವ್’ ಒತ್ತಿದರೂ ವ್ಯಾಲೆಟ್ ಬರಿದಾಗಬಹುದು. ‘ಮೊದಲು ಇಷ್ಟು ಕಳಿಸಿ, ಇಮ್ಮಡಿ ಕೊಡುತ್ತೇವೆ’ ಎಂದರೆ ಅದು ಮೋಸವೇ.

ಒಮ್ಮೆ ಹೋದ ಕ್ರಿಪ್ಟೊವನ್ನು ಯಾವ ಬ್ಯಾಂಕೂ ಮರಳಿಸಲಾರದು. ಮೋಸವಾದರೆ ನಾಚಿಕೊಂಡು ಮುಚ್ಚಿಡಬೇಡಿ. ಮನೆಯವರಿಗೆ ತಿಳಿಸಿ, ಕೂಡಲೇ 1930ಕ್ಕೆ ಕರೆ ಮಾಡಿ.

ನೆನಪಿಡಿ: ವಿದ್ಯಾರ್ಥಿವೇತನ ಕೊಡುವಾಗ ನಾವೂ ನಿಮ್ಮಿಂದ ಹಣವನ್ನಾಗಲಿ ಒಟಿಪಿಯನ್ನಾಗಲಿ ಕೇಳುವುದಿಲ್ಲ. ನಮ್ಮ ಹೆಸರಿನಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿ.