ಲೇಸರ್ ಬೆಳಕೂ ನಮ್ಮ ಮೈಬಣ್ಣವೂ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ನಾವು ಆರಿಸಿಕೊಂಡ ವಿಷಯ ಕೆಲವರಿಗೆ ಹಗುರವಾಗಿ ತೋರಬಹುದು. ಸಾಹಿತ್ಯ ಸಂಗೀತಗಳನ್ನು ಬಿಟ್ಟು ಬ್ಯೂಟಿ ಪಾರ್ಲರಿನ ಮಾತೇಕೆ ಎಂದು ಕೇಳಬಹುದು. ಆದರೆ ನಾವೆಲ್ಲ ಊರು ಬಿಟ್ಟು ಈ ಮುಂಬಯಿಗೆ ದುಡಿಯಲು ಬಂದವರು. ಬಾಡಿಗೆ, ಊರಿಗೆ ಕಳಿಸುವ ಹಣ, ಮಕ್ಕಳ ಫೀಸು ಇಷ್ಟನ್ನು ಕಳೆದರೆ ಸಂಬಳದಲ್ಲಿ ಉಳಿಯುವುದೆಷ್ಟೆಂಬುದು ಎಲ್ಲರಿಗೂ ಗೊತ್ತು. ಆ ಉಳಿಕೆಯೂ ‘ಲೇಸರಿನಿಂದ ಹೊಸ ಚರ್ಮ’ ಎಂಬ ಬೋರ್ಡಿನ ಅಂಗಡಿಗೆ ಕಂತುಕಂತಾಗಿ ಹೋಗುವುದಾದರೆ, ಆ ಬೆಳಕು ಮುಖಕ್ಕೆ ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದಲ್ಲವೇ?

ಲೇಸರ್ ಎಂದರೆ ಮಾಯೆಯಲ್ಲ, ಬೆಳಕು. ದೀಪದ ಬೆಳಕಿನಲ್ಲಿ ಹಲವು ಬಣ್ಣಗಳು ಬೆರೆತಿರುತ್ತವೆ, ಅದು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಲೇಸರಿನದು ಒಂದೇ ಬಣ್ಣ, ಒಂದೇ ದಾರಿ. ಇದರ ಮೂಲತತ್ತ್ವವನ್ನು ಐನ್‌ಸ್ಟೀನರು 1917ರಲ್ಲಿಯೇ ಹೇಳಿದ್ದರು. ಅಮೆರಿಕದ ಥಿಯೋಡೋರ್ ಮೈಮನ್ 1960ರ ಮೇ ತಿಂಗಳಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಹೊಮ್ಮಿಸಿದರು. ಕೆಲವೇ ವರ್ಷಗಳಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಅದನ್ನು ಚರ್ಮದ ಮೇಲೆ ಪರೀಕ್ಷಿಸತೊಡಗಿದರು. ನಮ್ಮ ನೆರೆಯ ಬಾರಾಮತಿಯಲ್ಲಿ ಹುಟ್ಟಿ ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಚಂದ್ರಕುಮಾರ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲಾಮ್ಲ ಅನಿಲದ ಲೇಸರನ್ನು ಕಂಡುಹಿಡಿದರು. ಮೊಡವೆಯ ಗುಳಿ, ಸುಕ್ಕುಗಳಿಗೆ ಇಂದಿಗೂ ಬಳಸುವ ಮುಖ್ಯ ಯಂತ್ರಗಳಲ್ಲಿ ಅದೂ ಒಂದು.

ಈ ಯಂತ್ರ ಚರ್ಮವನ್ನು ಹೊಸದು ಮಾಡುವುದು ಹೇಗೆ? ಪಟೇಲರ ಲೇಸರಿನ ಬೆಳಕು ಕಣ್ಣಿಗೆ ಕಾಣದು. ನೀರು ಅದನ್ನು ಚೆನ್ನಾಗಿ ಹೀರುತ್ತದೆ. ಚರ್ಮದಲ್ಲಿ ನೀರೇ ಹೆಚ್ಚು; ಆದುದರಿಂದ ಬೆಳಕು ತಾಗಿದೆಡೆಯಲ್ಲಿ ತೊಗಲು ಕ್ಷಣದಲ್ಲಿ ಆವಿಯಾಗಿ ಹೋಗುತ್ತದೆ. ಮೊದಮೊದಲು ಇಡೀ ಮೇಲ್ಪದರವನ್ನೇ ಹೀಗೆ ತೆಗೆಯುತ್ತಿದ್ದರು. 2004ರಿಂದೀಚೆಗೆ ಬೇರೊಂದು ಕ್ರಮ ಬಳಕೆಗೆ ಬಂತು: ಜರಡಿಯಂತೆ ಸಣ್ಣ ಸಣ್ಣ ರಂಧ್ರಗಳನ್ನು ಸುಟ್ಟು, ನಡುವಿನ ಚರ್ಮವನ್ನು ಮುಟ್ಟದೆ ಬಿಡುವುದು. ಮುಟ್ಟದ ಭಾಗ ಸುಟ್ಟ ಭಾಗವನ್ನು ಬೇಗ ಮಾಯಿಸುತ್ತದೆ. ಮುಂದಿನ ಕೆಲವು ತಿಂಗಳಲ್ಲಿ ಒಳಗೆ ಹೊಸ ನಾರು ಬೆಳೆದು ಗುಳಿ ಸ್ವಲ್ಪ ತುಂಬಿಕೊಳ್ಳುತ್ತದೆ. ಅಂದರೆ ಚರ್ಮವನ್ನು ಹೊಸದು ಮಾಡುವುದು ಯಂತ್ರವಲ್ಲ, ನಮ್ಮ ದೇಹವೇ. ಯಂತ್ರ ಮಾಡುವುದು ಗಾಯವನ್ನು, ಅಳತೆಯ ಗಾಯವನ್ನು. ಈ ಒಂದು ಮಾತನ್ನು ನೆನಪಿಟ್ಟರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ.

ಇನ್ನೊಂದು ಬಗೆಯ ಲೇಸರುಗಳು ನೀರನ್ನಲ್ಲ, ಬಣ್ಣವನ್ನು ಹುಡುಕುತ್ತವೆ. ಬಿಸಿಲಿನಲ್ಲಿ ಕರಿಯ ಕೊಡೆ ಕಾದಷ್ಟು ಬಿಳಿಯ ಕೊಡೆ ಕಾಯದಲ್ಲವೇ? ಹಾಗೆಯೇ ಕಪ್ಪು ಕಲೆಯಾಗಲಿ, ಹಚ್ಚೆಯ ಮಸಿಯಾಗಲಿ, ಕೂದಲ ಬುಡವಾಗಲಿ ಬೆಳಕನ್ನು ಹೀರಿ ಕಾಯುತ್ತದೆ. ಕಾದ ಕಾವಲಿಗೆ ಬೆರಳನ್ನು ಚುರ್ರೆಂದು ತಾಗಿಸಿ ತೆಗೆದರೆ ಹೆಚ್ಚೇನೂ ಆಗದು. ಒತ್ತಿ ಹಿಡಿದರೆ ಗುಳ್ಳೆ ಏಳುತ್ತದೆ. ಬೆಳಕಿನ ಬಣ್ಣವನ್ನೂ ಅದು ತಾಗುವ ಹೊತ್ತನ್ನೂ ಸರಿಯಾಗಿ ಆರಿಸಿದರೆ ಕಲೆಯನ್ನಷ್ಟೇ ಸುಟ್ಟು ಸುತ್ತಲಿನ ಚರ್ಮವನ್ನು ಉಳಿಸಬಹುದೆಂದು ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ವೈದ್ಯರು 1983ರಲ್ಲಿ ತೋರಿಸಿಕೊಟ್ಟರು.

ಆದರೆ ನಮ್ಮವರಿಗೆ ತೊಡಕಿರುವುದು ಇಲ್ಲಿಯೇ. ಕಲೆಯಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವೇ ನಮ್ಮ ಇಡೀ ಚರ್ಮದಲ್ಲಿಯೂ ಧಾರಾಳವಾಗಿದೆ. ಬಿಳಿಯರ ಚರ್ಮಕ್ಕೆ ಗೊತ್ತುಮಾಡಿದ ಅಳತೆಯನ್ನು ನಮ್ಮ ಮೇಲೆ ಪ್ರಯೋಗಿಸಿದರೆ, ಕಲೆಯೊಡನೆ ಒಳ್ಳೆಯ ಚರ್ಮವೂ ಬೇಯುತ್ತದೆ. ಅದೂ ಅಲ್ಲದೆ ನಮ್ಮ ಚರ್ಮಕ್ಕೆ ಒಂದು ಸ್ವಭಾವವಿದೆ: ಗಾಯವಾದ ಕಡೆ ಕಪ್ಪಾಗುವುದು. ಸೊಳ್ಳೆ ಕಡಿದು ಕೆರೆದ ಜಾಗವೂ ತಿಂಗಳುಗಟ್ಟಲೆ ಕಪ್ಪಗಿರುವುದನ್ನು ನೋಡಿದ್ದೇವೆ. ಲೇಸರಿನ ಗಾಯಕ್ಕೂ ಇದೇ ನಿಯಮ. ಒಂದು ಕಲೆ ತೆಗೆಸಲು ಹೋಗಿ ಹತ್ತು ಕಲೆ ತಂದುಕೊಂಡವರಿದ್ದಾರೆ. ಉದ್ದ ಅಲೆಯ ಬೆಳಕು, ಉದಾಹರಣೆಗೆ 1064 ನ್ಯಾನೋಮೀಟರಿನದು, ಮೆಲನಿನ್ನಿಗೆ ಕಡಿಮೆ ಸಿಕ್ಕಿ ಆಳಕ್ಕಿಳಿಯುವುದರಿಂದ ನಮ್ಮಂಥ ಚರ್ಮಕ್ಕೆ ಹೆಚ್ಚು ಕ್ಷೇಮ. ಇದನ್ನು ಆರಿಸಲು ಚರ್ಮ ಬಲ್ಲವರು ಬೇಕು. ಗುಂಡಿ ಒತ್ತಲು ಕಲಿತವರು ಸಾಲದು.

ಲೇಸರಿನಿಂದ ಪ್ರಯೋಜನವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಮೊಡವೆಯ ಗುಳಿಗಳು ತಗ್ಗುತ್ತವೆ, ಪೂರ್ತಿ ಮಾಯವಾಗುವುದಿಲ್ಲ. ಹಚ್ಚೆ ಹಲವು ಸರದಿಗಳಲ್ಲಿ ಮಾಸುತ್ತದೆ. ಸುಟ್ಟ ಗಾಯದ ಗಡುಸು ಕಲೆ ಮೆತ್ತಗಾಗುವುದೂ ಉಂಟು. ಆದರೆ ಹೆಂಗಸರ ಕೆನ್ನೆಯ ಮೇಲಿನ ಬಂಗು ಮೊಂಡು ಜಾತಿಯದು. ಲೇಸರಿನಿಂದ ತಿಳಿಯಾದಂತೆ ಕಂಡು ಮತ್ತೆ ಮರಳಬಹುದು, ಕೆಲವೊಮ್ಮೆ ಮೊದಲಿಗಿಂತ ಗಾಢವಾಗಿಯೂ ಬರಬಹುದು. ಮಚ್ಚೆಯನ್ನು ಏನೆಂದು ವೈದ್ಯರು ನೋಡದೆ ಸುಡಿಸಲೇಬಾರದು. ಹುಟ್ಟಿನಿಂದ ಬಂದ ಮೈಬಣ್ಣವನ್ನು ಶಾಶ್ವತವಾಗಿ ಬಿಳುಪು ಮಾಡುವ ಲೇಸರ್ ಯಾವುದೂ ಇಲ್ಲ.

ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿ. ಯಂತ್ರ ಹಿಡಿಯುವವರು ಯಾರು, ಅವರು ನೋಂದಾಯಿತ ಚರ್ಮವೈದ್ಯರೇ? ಅದು ನಿಜವಾದ ಲೇಸರೋ, ಹಲವು ಬಣ್ಣದ ಬೆಳಕನ್ನು ಮಿಂಚಿಸುವ ಬೇರೆ ದೀಪವೋ? ಕಿವಿಯ ಹಿಂದೆ ಸ್ವಲ್ಪ ಜಾಗದಲ್ಲಿ ಮೊದಲು ಪರೀಕ್ಷಿಸಿ ಕೆಲವು ವಾರ ಕಾಯುವರೇ? ಕಣ್ಣಿಗೆ ಕವಚ ಕೊಡುವರೇ? ಈ ನಾಲ್ಕಕ್ಕೆ ನೇರ ಉತ್ತರ ಬರದಿದ್ದರೆ ಎದ್ದು ಬರುವುದೇ ಮೇಲು. ‘ಇಂದೇ ಕಟ್ಟಿದರೆ ಅರ್ಧ ಬೆಲೆ’ ಎಂದರೆ ಇನ್ನೂ ಬೇಗ ಏಳಿ. ಹತ್ತು ದಿನದಲ್ಲಿ ಮದುವೆ ಇಟ್ಟುಕೊಂಡು ಮುಖಕ್ಕೆ ಈ ಕೆಲಸ ಬೇಡ. ಆಗ ಕಾಣುವುದು ಹೊಳಪಲ್ಲ, ಕೆಂಪೂ ಸಿಪ್ಪೆಯೂ.

ಖಾಸಗಿ ಕಡೆ ಒಂದು ಸರದಿಗೆ ಸಾವಿರಾರು ರೂಪಾಯಿ. ಆದರೆ ಕೆ. ಇ. ಎಂ., ನಾಯರ್, ಸಯನ್ ಮೊದಲಾದ ನಗರಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ನಿಲ್ಲುವ ತಾಳ್ಮೆಯೊಂದಿದ್ದರೆ ಪಾರ್ಲರಿನಲ್ಲಿ ಸಿಗದ ಸಲಹೆ ಅಲ್ಲಿ ಸಿಗುತ್ತದೆ. ಬಹಳ ಸಲ ಲೇಸರಿನ ಅಗತ್ಯವೇ ಬೀಳುವುದಿಲ್ಲ. ಬಿಸಿಲಿಗೆ ಕೊಡೆ, ಮುಖಕ್ಕೆ ಬಿಸಿಲು ತಡೆಯುವ ಕ್ರೀಮು, ಮೊಡವೆಯನ್ನು ಚಿವುಟದೆ ಬೇಗ ಔಷಧ ಮಾಡುವುದು, ಇಷ್ಟರಿಂದಲೇ ಎಷ್ಟೋ ಕಲೆಗಳು ತಪ್ಪುತ್ತವೆ. ಔಷಧದಂಗಡಿಯವನು ತಾನಾಗಿ ಕೊಡುವ ಸ್ಟೀರಾಯ್ಡ್ ಮುಲಾಮನ್ನು ಮಾತ್ರ ಮುಖಕ್ಕೆ ಮುಟ್ಟಿಸಬೇಡಿ. ವಾರದಲ್ಲಿ ಬೆಳ್ಳಗೆ ಕಂಡ ಮುಖ ತಿಂಗಳುಗಳಲ್ಲಿ ತೆಳುವಾಗಿ, ಕೆಂಪಾಗಿ, ಕೂದಲು ಬೆಳೆದು ಕೆಡುತ್ತದೆ.

ಕೊನೆಯದಾಗಿ ಒಂದು ಮಾತು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ತೆಗೆದುಹಾಕಿತು. ಟ್ಯೂಬಿನ ಮೇಲಿನಿಂದ ಹೋದ ಮಾತು ನಮ್ಮ ಮನೆಗಳಿಂದ ಹೋಗಿದೆಯೇ? ಹೆಣ್ಣು ನೋಡಲು ಹೋದಾಗ ‘ಬಣ್ಣ ಸ್ವಲ್ಪ ಕಡಿಮೆ’ ಎನ್ನುವವರು ಬೇರೆ ಯಾರೂ ಅಲ್ಲ, ನಾವೇ. ಆ ಮಾತು ಕೇಳಿದ ಹುಡುಗಿಯೇ ಮರುದಿನ ಪಾರ್ಲರಿನ ಮೆಟ್ಟಿಲು ಹತ್ತುತ್ತಾಳೆ. ಬಿಸಿಲಿನ ನಾಡಿನಲ್ಲಿ ಬಾಳಲೆಂದೇ ಬಂದ ಬಣ್ಣ ನಮ್ಮದು. ಸೂರ್ಯನ ಕಿರಣ ಒಳಗಿಳಿದು ಕೆಡಿಸದಂತೆ ಅದು ತಡೆಯುತ್ತದೆ. ಸುಕ್ಕನ್ನೂ ತಡವಾಗಿ ಬರಗೊಡುತ್ತದೆ. ಗಾಯದ ಕಲೆಗೆ, ಸುಟ್ಟ ಗುರುತಿಗೆ ಚಿಕಿತ್ಸೆಯಾಗಲಿ; ಅದಕ್ಕೆ ಖರ್ಚು ಮಾಡಿದ ಹಣ ಸಾರ್ಥಕ. ಆದರೆ ಮೈಬಣ್ಣ ಕಲೆಯಲ್ಲ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳುವ ಮೊದಲು, ವರನ ಕಡೆಯವರಾಗಿ ಹೋಗುವ ನಾವು ನಮಗೆ ನಾವೇ ಹೇಳಿಕೊಳ್ಳೋಣ.