ವಾಟರ್‌ಲೂ ರಸ್ತೆಯ ಹಚ್ಚೆಗಾರ

ಹನ್ನೆರಡರ ಪ್ರಾಯದಲ್ಲಿ ಒಬ್ಬ ಹುಡುಗನನ್ನು ಶಾಲೆಯಿಂದ ಹೊರಹಾಕಿದರು. ಸಹಪಾಠಿಗಳ ಮೈಮೇಲೆ ಹಚ್ಚೆ ಹಾಕಿದ್ದೇ ಅವನ ಅಪರಾಧ! ಅವನೇ ಇಂಗ್ಲೆಂಡಿನ ಬ್ರೈಟನ್‌ನಲ್ಲಿ 1872ರಲ್ಲಿ ಹುಟ್ಟಿದ ಜಾರ್ಜ್ ಬರ್ಚೆಟ್. ಶಾಲೆಯಿಂದ ಹೊರಬಿದ್ದ ಮರುವರ್ಷವೇ ಬರ್ಚೆಟ್ ನೌಕಾಪಡೆ ಸೇರಿದರು, ಆಮೇಲೆ ಹಡಗು ಬಿಟ್ಟು ಓಡಿದರು, ಲಂಡನ್ನಿಗೆ ಮರಳಿ ಚಮ್ಮಾರಿಕೆಯನ್ನೂ ಮಾಡಿದರು. 1900ರ ಹೊತ್ತಿಗೆ ಹಚ್ಚೆಯೇ ಅವರ ಪೂರ್ಣಾವಧಿ ಕಸುಬು.

ಈ ಕಸುಬು ನೋಡಿದಷ್ಟು ಸುಲಭವಲ್ಲ. ಸೂಜಿ ಹೊರಚರ್ಮ ದಾಟಿ ಒಳಪದರಕ್ಕೆ ಮಸಿ ಇಳಿಸಬೇಕು. ಮೇಲೇ ನಿಂತರೆ ಚರ್ಮದ ಜೊತೆ ಉದುರಿಹೋಗುತ್ತದೆ, ತೀರಾ ಆಳಕ್ಕೆ ಹೋದರೆ ಗೆರೆ ಕದಡುತ್ತದೆ. ನಮ್ಮ ಹಳ್ಳಿಗಳ ಕೊರವಂಜಿಯರಿಗೂ ಇದು ಕೈವಶವಾಗಿತ್ತು ಅನ್ನಿ.

ಮೊದಲ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದ ಹೊರೇಸ್ ರಿಡ್ಲರ್ ಒಮ್ಮೆ ಬರ್ಚೆಟ್ ಬಳಿಗೆ ವಿಚಿತ್ರ ಬೇಡಿಕೆಯೊಂದಿಗೆ ಬಂದ. ಮೈತುಂಬ, ಮುಖವನ್ನೂ ಬಿಡದೆ, ಜೀಬ್ರಾ ಪಟ್ಟೆ ಬೇಕಂತೆ! ನೂರಾರು ಗಂಟೆಗಳ ಆ ಕೆಲಸ ಮುಗಿದ ಮೇಲೆ ಆತ ‘ಗ್ರೇಟ್ ಓಮಿ’ ಎಂಬ ಹೆಸರಿನಲ್ಲಿ ಸರ್ಕಸ್ಸಿನ ಆಕರ್ಷಣೆಯಾದ. ಬರ್ಚೆಟ್‌ಗೆ ಹೆಸರು ತಂದದ್ದು ಇದು. ನನಗೆ ಮಾತ್ರ ಅವರು ಹುಬ್ಬಿಗೆ ಶಾಶ್ವತ ಕಪ್ಪು ತುಂಬುತ್ತಿದ್ದ ನಾಜೂಕಿನ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ಮನೆಯಲ್ಲೂ ಸೂಜಿ ಸುಮ್ಮನಿರಲಿಲ್ಲ. ತಮ್ಮನೂ ಹಚ್ಚೆಗಾರ, ಮಗನೂ ಹಚ್ಚೆಗಾರ. ಲಂಡನ್ನಿನ ವಾಟರ್‌ಲೂ ರಸ್ತೆಯ ಅವರ ಅಂಗಡಿಗೆ ನಾವಿಕರೂ ಬರುತ್ತಿದ್ದರು, ಸಿರಿವಂತರೂ ಬರುತ್ತಿದ್ದರು. 1953ರ ಗುಡ್ ಫ್ರೈಡೇ ದಿನ, ಎಂಬತ್ತರ ವಯಸ್ಸಿನಲ್ಲಿ ಬರ್ಚೆಟ್ ಹಠಾತ್ತಾಗಿ ತೀರಿಕೊಂಡರು. ಅವರ ನೆನಪುಗಳ ಪುಸ್ತಕ ಅಚ್ಚಾದದ್ದು 1958ರಲ್ಲಿ.