ಗಾಡಿಯ ಹಲ್ಲನ್ನೂ ನೋಡೋಣ
(ಹೇಮಗಿರಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)

ಹೇಮಗಿರಿ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ ನಾವು ಎತ್ತು ಕೊಳ್ಳುವುದಿಲ್ಲ. ಆದರೆ ಹಾಲಿನ ಕ್ಯಾನು, ಹೆಂಡತಿ ಮಕ್ಕಳನ್ನು ಹೊತ್ತು ಓಡುವ ಹಳೇ ಬೈಕಿನ ಹಲ್ಲನ್ನು ನೋಡೋದೇ ಇಲ್ಲ. ಚೈನು ಕೂರುವ ಹಲ್ಲಿನ ಚಕ್ರವೇ ಸ್ಪ್ರಾಕೆಟ್. ಅದು ಸವೆದರೆ ಚೈನು ಜಾರುತ್ತದೆ, ಕಳಚುತ್ತದೆ. ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಗಾಡಿ ಸಮೇತ ಬೀಳುತ್ತೇವೆ.

ನೋಡುವುದು ಸುಲಭ. ಇಂಜಿನ್ ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ಚೈನ್ ಕವರ್ ಬಿಚ್ಚಿ. ಒಳ್ಳೆಯ ಹಲ್ಲು ಎರಡೂ ಕಡೆ ಸಮನಾಗಿರುತ್ತದೆ. ಸವೆದದ್ದು ಕುಡುಗೋಲಿನ ತುದಿಯಂತೆ ಚೂಪಾಗಿ ಒಂದೇ ಕಡೆ ಬಾಗಿರುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಚೈನು ಸವೆದಿದೆ ಎಂದರ್ಥ. ಇಂಜಿನ್ ಪಕ್ಕದ ಚಿಕ್ಕ ಸ್ಪ್ರಾಕೆಟ್ಟನ್ನೂ ಮೆಕ್ಯಾನಿಕ್ ಹತ್ತಿರ ನೋಡಿಸಿ. ಹಲ್ಲು ಕಡಿಮೆ ಇರುವುದರಿಂದ ಅದು ಬೇಗ ಸವೆಯುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಓಡಿಸುವವರು ಇನ್ನೂ ಇದ್ದಾರೆ. ಅದರ ಚೈನು ಪೂರ್ತಿ ಮುಚ್ಚಿರುವುದರಿಂದ ಧೂಳು ಕಡಿಮೆ. ಆದರೆ ಸವೆತವೂ ಕಣ್ಣಿಗೆ ಬೀಳದು, ಬಿಚ್ಚಿಯೇ ನೋಡಬೇಕು.

ಹಣ ಉಳಿಸಲು ಚೈನು ಮಾತ್ರ ಬದಲಿಸಬೇಡಿ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುತ್ತದೆ. ಚೈನು, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಹಾಕಿಸಿ. ಸಂಘದಲ್ಲಿ ಸಣ್ಣ ಸಾಲ ತೆಗೆದಾದರೂ ಸರಿ. ಆಸ್ಪತ್ರೆಗೆ ಸಾಲ ಮಾಡುವುದಕ್ಕಿಂತ ಮೇಲು.

ಸಹೋದರಿಯರೇ, ಹಿಂದೆ ಕೂರುವವರು ನೀವು. "ಚೈನು ನೋಡಿದ್ರಾ?" ಎಂದು ನೀವೂ ಕೇಳಿ. ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ದೇವರು ನಮ್ಮೆಲ್ಲರ ಪಯಣವನ್ನು ಕಾಯಲಿ.